ಮಣಿಯ ಸರವೂ ಮನೆಯ ಹೊಣೆಯೂ

ಬೇಡವೆಂದುಕೊಂಡಿದ್ದ ಕಾಲದಲ್ಲಿ ಗರ್ಭ ನಿಂತರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯೊಂದಿದೆ: ತಪ್ಪು ಯಾರದು? ಪ್ರಶ್ನೆಯೇಳುವುದಕ್ಕೆ ಮುಂಚೆಯೇ ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. ಮಾತ್ರೆಯನ್ನು ಮರೆತವಳು ಅವಳು. ದಿನವನ್ನು ತಪ್ಪಾಗಿ ಎಣಿಸಿದವಳು ಅವಳು. ಆಸ್ಪತ್ರೆಗೆ ಹೋಗಿ ಬಂದ ಮೇಲೂ ಎಚ್ಚರವಾಗಿರದವಳು ಅವಳು. ಪತಿಯಾದವನು ಈ ವಿಚಾರಣೆಯಲ್ಲಿ ನ್ಯಾಯಾಧಿಪತಿಯ ಪೀಠದಲ್ಲಿ ಕುಳಿತಿರುವನೇ ಹೊರತು ಪ್ರತಿವಾದಿಯ ಸ್ಥಾನದಲ್ಲಿ ನಿಂತುದನ್ನು ಕಂಡವರು ವಿರಳ. ಈ ನ್ಯಾಯವು ನ್ಯಾಯವಲ್ಲವೆಂಬುದೇ ಇಂದು ನಾವು ವಾಚಕರ ಮುಂದಿಡಬೇಕೆಂದಿರುವ ವಿಷಯವಾಗಿದೆ.

ಇಂತಹ ಮಾತನ್ನು ವೃತ್ತಪತ್ರಿಕೆಯಲ್ಲಿ ಆಡುವುದು ಸಭ್ಯತೆಗೆ ಒಪ್ಪುವುದೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಮೈಸೂರು ಸೀಮೆಯವರಾದ ನಮಗೆ ಈ ಸಂಕೋಚವು ಹಿರಿಯರಿಂದ ಬಂದುದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರು ಆಳುತ್ತಿದ್ದು, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ 1930ನೆಯ ಇಸವಿಯಲ್ಲಿಯೇ ಸರ್ಕಾರದ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಾಯಿತು. ಸರ್ಕಾರವೊಂದು ತಾನಾಗಿಯೇ ಇಂತಹ ಕೆಲಸವನ್ನು ಕೈಕೊಂಡುದು ಪ್ರಪಂಚದಲ್ಲಿ ಇದೇ ಮೊದಲೆಂದು ಈ ಚರಿತ್ರೆಯನ್ನು ಬಲ್ಲವರು ಹೇಳುತ್ತಾರೆ. ತೊಂಬತ್ತು ವರ್ಷಗಳಿಗೂ ಹಿಂದೆ ನಮ್ಮ ಸಂಸ್ಥಾನದ ಅಧಿಕಾರಿಗಳು ನಾಚದೆ ಬರೆದುದನ್ನು ಇಂದು ನಾವು ನಾಚದೆ ಓದಬಹುದು.

ಇದಕ್ಕಿಂತಲೂ ಹತ್ತಿರವಾದ ಇನ್ನೊಂದು ಸಂಗತಿಯುಂಟು. ಅದು ರಾಮನಗರದ್ದು. ಹಿಂದೆ ಕ್ಲೋಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಈ ಊರೂ, ಚನ್ನಪಟ್ಟಣ, ಕನಕಪುರ, ಮಾಗಡಿಗಳೂ ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರುಗಳು ಬದಲಾದರೂ ಇಲ್ಲಿ ನಡೆದುದು ನಡೆದದ್ದೇ. ಅದನ್ನು ಇಲ್ಲಿನವರೇ ಮರೆತಿರುವುದು ಶೋಚನೀಯ.

ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಭಾರತ ಸರ್ಕಾರವು ಕುಟುಂಬ ಯೋಜನೆಯನ್ನು ಪಂಚವಾರ್ಷಿಕ ಯೋಜನೆಯೊಳಕ್ಕೆ ಸೇರಿಸಿಕೊಂಡಿತು. ಆದರೆ ಯಾವ ಉಪಾಯವನ್ನು ಜನರಿಗೆ ಬೋಧಿಸಬೇಕು? ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ನಿಕಟವರ್ತಿಗಳಾಗಿದ್ದವರು. ಗಾಂಧೀಜಿಯವರಿಗೆ ಕೃತಕ ಸಾಧನಗಳು ಸಮ್ಮತವಾಗಿರಲಿಲ್ಲ. ಸಂಯಮವೊಂದೇ ಮಾರ್ಗವೆಂಬುದು ಅವರ ಮತ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಎಂಬಾಕೆಯು ವಾರ್ಧಾಕ್ಕೆ ಬಂದು ವಾದಿಸಿದಾಗಲೂ ಅವರು ಈ ಮತವನ್ನು ಬಿಡಲಿಲ್ಲ. ಆದರೂ ತಿಂಗಳಿನಲ್ಲಿ ಗರ್ಭ ನಿಲ್ಲದ ದಿನಗಳನ್ನು ನೋಡಿಕೊಂಡು ನಡೆಯುವ ಕ್ರಮದಲ್ಲಿ ಸ್ವಲ್ಪ ಸಂಯಮದ ಅಂಶವಾದರೂ ಇರುವುದರಿಂದ ಅದು ತಮಗೆ ಇತರ ಕ್ರಮಗಳಷ್ಟು ಅಪ್ರಿಯವಲ್ಲವೆಂದು ಅವರು ಒಪ್ಪಿಕೊಂಡರು. ಹೊಸ ಸರ್ಕಾರವು ಮೊದಲು ಪರೀಕ್ಷೆಗೆ ಆರಿಸಿಕೊಂಡುದು ಈ ಕ್ರಮವನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಸಹಾಯವನ್ನು ಕೋರಲಾಯಿತು. ನ್ಯೂಯಾರ್ಕಿನ ಡಾಕ್ಟರ್ ಅಬ್ರಹಾಂ ಸ್ಟೋನ್ ಎಂಬವರು 1951ರಲ್ಲಿ ಇಲ್ಲಿಗೆ ಬಂದರು. ಪರೀಕ್ಷೆಗೆ ಆಯ್ದ ಸ್ಥಳಗಳಲ್ಲಿ ದೆಹಲಿಯ ಲೋಧಿ ಕಾಲೊನಿ ಒಂದು. ನಮ್ಮ ರಾಮನಗರ ಇನ್ನೊಂದು. ರಾಮನಗರದ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕಾಲವದು.

ಅಕ್ಷರ ಬಾರದ ತಾಯಂದಿರು ಪಂಚಾಂಗ ನೋಡಿ ದಿನ ಎಣಿಸುವುದು ಹೇಗೆ? ಅದಕ್ಕಾಗಿ ಮಣಿಯ ಸರವೊಂದನ್ನು ಕಲ್ಪಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸುರು ಮಣಿ ಬಂದ ದಿನ ನಿರ್ಭಯ. ಕೆಂಪು ಮಣಿಯ ದಿನಗಳಲ್ಲಿ ದಂಪತಿಗಳು ದೂರವಿರತಕ್ಕದ್ದು. ಯೋಚನೆಯೇನೋ ಜಾಣತನದ್ದೇ. ಆದರೆ ಕತ್ತಲೆಯಲ್ಲಿ ಹಸುರಾವುದು, ಕೆಂಪಾವುದು ಎಂದು ತಿಳಿಯಲಿಲ್ಲ. ಕೈಗೆ ತಿಳಿಯುವಂತೆ ಬೇರೆಬೇರೆ ಆಕಾರದ ಮಣಿಗಳನ್ನು ಪೋಣಿಸಬೇಕಾಯಿತು. ಮಣಿಯನ್ನು ಹಿಂದಕ್ಕೆ ಸರಿಸಿಬಿಟ್ಟರೆ ಲೆಕ್ಕ ತಪ್ಪುವುದೆಂದು, ಒಂದೇ ದಿಕ್ಕಿಗೆ ಸರಿಯುವಂತೆ ಕೊಂಡಿ ಹಾಕಬೇಕಾಯಿತು. ಕೊರಳಲ್ಲಿ ಧರಿಸಿದರೆ ಊರಿಗೆಲ್ಲ ಗುಟ್ಟು ತಿಳಿಯುವುದೆಂದು ಹಲವರು ನಾಚಿದರು. ಸರದಲ್ಲಿಯೇ ತಾಯಿತದಂತಹ ಶಕ್ತಿಯಿದೆ, ಮಣಿ ಸರಿಸಿದರಾಯಿತು ಎಂದು ನಂಬಿದವರೂ ಉಂಟೆಂದು ಅಂದಿನ ಬರಹಗಳು ಹೇಳುತ್ತವೆ. ಕಡೆಗೆ ಉಳಿದುದಿಷ್ಟು: ಕಲಿಯಲು ಒಪ್ಪಿದವರು ಬಹುಮಂದಿ, ಕಲಿತು ಬಿಡದೆ ನಡೆಸಿದವರು ಅತ್ಯಲ್ಪ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹಳ್ಳಿಯ ಹೆಂಗಸರ ಮೌಢ್ಯಕ್ಕೆ ನಕ್ಕು ಮುಗಿಸುತ್ತಾರೆ. ನಮಗೆ ನಗು ಬರುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಕಡಮೆ. ಸರವನ್ನು ಕಟ್ಟಿದುದು ಹೆಂಡತಿಯ ಕೊರಳಿಗೆ. ಆದರೆ ಕೆಂಪು ಮಣಿಯ ದಿನ ತಡೆದುಕೊಳ್ಳಬೇಕಾಗಿದ್ದವನು ಗಂಡನಲ್ಲವೆ? ಅವಳು ಒಂದು ಮಣಿಯನ್ನೂ ತಪ್ಪದೆ ಸರಿಸಿ, ‘ಈ ದಿನ ಬೇಡ’ವೆಂದರೆ ಆ ಮಾತನ್ನು ನಡೆಸಿಕೊಡುವ ಅಧಿಕಾರ ಅವಳಿಗೆಲ್ಲಿತ್ತು? ಲೆಕ್ಕ ಒಬ್ಬರದು, ತೀರ್ಮಾನ ಇನ್ನೊಬ್ಬರದು, ಫಲವನ್ನು ಹೊರುವುದು ಮತ್ತೆ ಲೆಕ್ಕದವಳೇ! ಇಂತಹ ಏರ್ಪಾಡಿನಲ್ಲಿ ಮಣಿ ಬಂಗಾರದ್ದಾಗಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಈ ಕ್ರಮದಲ್ಲಿ ಸ್ವಭಾವತಃ ಇರುವ ದೋಷವನ್ನೂ ವಾಚಕರು ತಿಳಿಯತಕ್ಕದ್ದು. 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯದ ಕ್ನೌಸ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಕಂಡುಹಿಡಿದ ತತ್ತ್ವ ಇದಕ್ಕೆ ಆಧಾರ. ಸ್ತ್ರೀಯ ಅಂಡವು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಅಂಡವು ಬದುಕುವುದು ಒಂದು ದಿನ. ಪುರುಷನ ಬೀಜವಾದರೋ ಐದು ದಿನಗಳವರೆಗೂ ಬದುಕಿರಬಲ್ಲುದು. ತೊಡಕು ಇರುವುದು ‘ಮುಂದಿನ ಮುಟ್ಟು’ ಎಂಬಲ್ಲಿ. ಇನ್ನೂ ಬಾರದಿರುವ ದಿನವನ್ನು ಊಹಿಸಿ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹುಳುವು ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾಗಿ ಚಂದ್ರಂಕಿಗೆ ಏರುವುದಕ್ಕೆ ಇಷ್ಟು ದಿನವೆಂದು ಅವರಿಗೆ ಲೆಕ್ಕ ಗೊತ್ತು. ಆದರೆ ಹವೆ ತಂಪಾದರೆ ಆ ಲೆಕ್ಕ ಮುಂದಕ್ಕೆ ಹೋಗುವುದೆಂದೂ ಗೊತ್ತು; ಆದ್ದರಿಂದ ಅವರು ದಿನವನ್ನು ಮಾತ್ರ ನಂಬದೆ ಹುಳುವನ್ನು ನೋಡುತ್ತಾರೆ. ಹೆಂಗಸಿನ ದೇಹವೂ ಜ್ವರ, ಚಿಂತೆ, ಪ್ರಯಾಣ, ಬಾಣಂತಿತನಗಳಿಂದ ಲೆಕ್ಕ ಬದಲಿಸುತ್ತದೆ. ಹೆರಿಗೆಯ ಮೇಲೆ ಮುಟ್ಟು ಇನ್ನೂ ಮರಳಿಲ್ಲವೆಂದು ನಿಶ್ಚಿಂತರಾಗಿರುವವರು, ಮೊದಲ ಮುಟ್ಟಿಗೆ ಮುಂಚೆಯೇ ಅಂಡವು ಹೊರಬಂದು ಗರ್ಭ ನಿಲ್ಲಬಹುದೆಂಬುದನ್ನು ಅರಿಯರು.

ರಾಮನಗರದ ಮಣಿಸರಕ್ಕೆ ಐವತ್ತು ವರ್ಷಗಳ ತರುವಾಯ ಒಂದು ಪುನರ್ಜನ್ಮವಾಯಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಸರವನ್ನು ರಚಿಸಿ, 26ರಿಂದ 32 ದಿನಗಳೊಳಗೆ ಮುಟ್ಟಾಗುವ ಸ್ತ್ರೀಯರಿಗೆ ಮಾತ್ರ ಅದು ತಕ್ಕುದೆಂದೂ, 8ನೆಯ ದಿನದಿಂದ 19ನೆಯ ದಿನದವರೆಗೆ ಎಚ್ಚರವಾಗಿರಬೇಕೆಂದೂ ಗೊತ್ತುಮಾಡಿದರು. 2002ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ನಿಯಮವನ್ನು ಚಾಚೂ ತಪ್ಪದೆ ನಡೆಸಿದ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 5 ಮಂದಿಗೆ ಗರ್ಭ ನಿಂತಿತು. ತಪ್ಪಿ ನಡೆದವರನ್ನೂ ಸೇರಿಸಿ ನೋಡಿದರೆ 12 ಮಂದಿಗೆ. ಸಾಧನ ಒಂದೇ, ಅಂಕಿ ಮಾತ್ರ ಎರಡು. ಮೊದಲನೆಯದು ಸಾಧನದ ಗುಣ. ಎರಡನೆಯದು ಸಂಸಾರದ ಗುಣ.

ಈ ಎರಡು ಅಂಕಿಗಳ ಭೇದವು ಎಲ್ಲ ಸಾಧನಗಳಿಗೂ ಉಂಟು. ನಿರೋಧ್ ಎಂದು 1968ರಿಂದ ನಮ್ಮಲ್ಲಿ ಪ್ರಚಾರಕ್ಕೆ ಬಂದ ರಬ್ಬರಿನ ಚೀಲವನ್ನು ಪ್ರತಿಸಲವೂ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಇಬ್ಬರಿಗೆ ಗರ್ಭ ನಿಲ್ಲುತ್ತದೆ; ಜನರು ವಾಸ್ತವವಾಗಿ ಬಳಸುವ ರೀತಿಯಲ್ಲಾದರೆ ಸುಮಾರು 13 ಮಂದಿಗೆ. ದಿನವೂ ನುಂಗುವ ಮಾತ್ರೆಯನ್ನು ಒಂದು ದಿನವೂ ಮರೆಯದಿದ್ದರೆ ಸಾವಿರಕ್ಕೆ 3. ಸಾಮಾನ್ಯ ಬಳಕೆಯಲ್ಲಿ ನೂರಕ್ಕೆ 7. ಗಂಡಸು ತಾನೇ ಹಿಂದೆಗೆಯುವೆನೆಂಬ ಭರವಸೆಯ ಮೇಲೆ ನಿಂತವರಲ್ಲಿ ನೂರಕ್ಕೆ 20. ನಮ್ಮ ಕಡೆ ವಂಕಿಯೆನ್ನುವ ಕಾಪರ್-ಟಿಯನ್ನು ಹಾಕಿಸಿಕೊಂಡವರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ವರ್ಷ ಸಾವಿರಕ್ಕೆ 5; ಗಂಡಸರದರಲ್ಲಿ ಸಾವಿರಕ್ಕೆ 1 ಅಥವಾ 2. ಯಾವ ಉಪಾಯವನ್ನೂ ಮಾಡದಿದ್ದವರಲ್ಲಿ ನೂರಕ್ಕೆ 85 ಎಂಬುದನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ, ಸಾಧನಗಳು ನಿಷ್ಫಲವೆನ್ನುವವರ ಮಾತು ನಿಲ್ಲಲಾರದು. ಆದರೆ ಯಾವುದೂ ವಜ್ರಕವಚವಲ್ಲವೆಂಬುದೂ ಅಷ್ಟೇ ನಿಜ. ನೂರಕ್ಕೆ 13ರ ಪ್ರಮಾಣವೇ ವರ್ಷ ವರ್ಷವೂ ಮುಂದುವರಿದರೆ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಸಂಸಾರಗಳು ಒಂದಲ್ಲ ಒಂದು ಸಲ ಈ ಅನಿರೀಕ್ಷಿತವನ್ನು ಎದುರಿಸಬೇಕಾದೀತು. ಅರ್ಧ ಊರಿಗೆ ಆಗಬಹುದಾದುದನ್ನು ಒಬ್ಬಳ ಅಪರಾಧವೆಂದು ಕರೆಯುವುದು ಎಲ್ಲಿಯ ವಿವೇಕ?

ಅಪರಾಧವೆನ್ನುವುದಕ್ಕಿಂತಲೂ ಘೋರವಾದುದು ಸಂಶಯ. ಗಂಡಸು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎರಡೇ ತಿಂಗಳಿಗೆ ಹೆಂಡತಿ ಬಸುರಾದಳೆಂದು ಭಾವಿಸೋಣ. ನೆರೆಹೊರೆಯವರ ನಾಲಿಗೆ ಎತ್ತ ಹೊರಳುವುದೆಂಬುದನ್ನು ನಾವು ಬರೆಯಬೇಕಾಗಿಲ್ಲ. ಆದರೆ ವೈದ್ಯಶಾಸ್ತ್ರವು ಸ್ಪಷ್ಟವಾಗಿ ಹೇಳುವುದೇನೆಂದರೆ, ನಾಳವನ್ನು ಕತ್ತರಿಸಿದ ಮೇಲೂ ಹಿಂದೆ ಶೇಖರವಾಗಿದ್ದ ಬೀಜಗಳು ತೀರುವುದಕ್ಕೆ ಮೂರು ತಿಂಗಳಷ್ಟು ಕಾಲ ಬೇಕು. ಅಲ್ಲಿಯವರೆಗೆ ಬೇರೆ ಸಾಧನವನ್ನು ಬಳಸತಕ್ಕದ್ದು. ಬಳಿಕ ವೀರ್ಯಪರೀಕ್ಷೆ ಮಾಡಿಸಿ ನಿಶ್ಚಯಿಸಿಕೊಳ್ಳತಕ್ಕದ್ದು. ಅಪರೂಪವಾಗಿ ಕತ್ತರಿಸಿದ ನಾಳವು ತಾನಾಗಿ ಕೂಡಿಕೊಳ್ಳುವುದೂ ಉಂಟು. ಇದನ್ನು ತಿಳಿಸಿ ಹೇಳದ ಆಸ್ಪತ್ರೆಯೂ, ಕೇಳಿ ತಿಳಿಯದ ಗಂಡನೂ ಸೇರಿ ನಿರಪರಾಧಿಯಾದ ಹೆಣ್ಣಿನ ಶೀಲವನ್ನು ಬೀದಿಗೆ ಎಳೆದಂತಾಗುತ್ತದೆ. ಒಂದು ಚೀಟಿಯ ಮೇಲೆ ಬರೆದುಕೊಡಬಹುದಾದ ಎರಡು ಸಾಲಿನ ಎಚ್ಚರಿಕೆಗೆ ಒಂದು ಸಂಸಾರದ ಮಾನ ಬಲಿಯಾಗಬೇಕೆ?

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದೆ ಹೋಗಿರುವುದು ಗಮನಾರ್ಹ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯಲ್ಲಿಯೇ, ದಂಪತಿಗಳು ಬಳಸಿದ ಸಾಧನವು ವಿಫಲವಾಗಿ ಗರ್ಭ ನಿಂತರೆ ಅದರಿಂದಾಗುವ ಮನೋವ್ಯಥೆಯನ್ನು ಗರ್ಭಪಾತಕ್ಕೆ ಸಾಕಾದ ಕಾರಣವೆಂದು ಪರಿಗಣಿಸಬಹುದೆಂದು ಹೇಳಿತ್ತು. ಅಂದರೆ ಸಾಧನವು ಸೋಲಬಹುದೆಂಬುದನ್ನು ಶಾಸನವು ಐವತ್ತು ವರ್ಷಗಳ ಹಿಂದೆಯೇ ಒಪ್ಪಿತು. 2021ರ ತಿದ್ದುಪಡಿಯಲ್ಲಿ ‘ವಿವಾಹಿತ ಸ್ತ್ರೀ ಅಥವಾ ಆಕೆಯ ಪತಿ’ ಎಂಬುದು ‘ಯಾವುದೇ ಸ್ತ್ರೀ ಅಥವಾ ಆಕೆಯ ಸಂಗಾತಿ’ ಎಂದಾಯಿತು. ಈ ಕಾರಣದ ಮೇಲೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಪ್ರಾಪ್ತವಯಸ್ಕಳಾದ ಸ್ತ್ರೀಯ ಒಪ್ಪಿಗೆಯೊಂದೇ ಬೇಕಾದುದು. ಗಂಡನ ಸಹಿಯನ್ನು ಕಾಯಿದೆ ಕೇಳುವುದಿಲ್ಲ. ಕೆಲವು ಬಗೆಯ ಸ್ತ್ರೀಯರಿಗೆ ಕಾಯಿದೆಯು ಕೊಟ್ಟಿರುವ 24 ವಾರಗಳ ಅವಧಿಯನ್ನು ಅವಿವಾಹಿತೆಯೆಂಬ ಕಾರಣದಿಂದ ನಿರಾಕರಿಸಲಾಗದೆಂದು 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಇನ್ನು ಮಗು ಹುಟ್ಟಿದರೆ, ಅದು ವಿವಾಹದಿಂದ ಹುಟ್ಟಿದುದಾಗಲಿ ಅಲ್ಲದುದಾಗಲಿ, ಶಕ್ತನಾದ ತಂದೆಯು ಅದನ್ನು ಪೋಷಿಸದೆ ಜಾರಿಕೊಳ್ಳುವಂತಿಲ್ಲ; ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ.

ಸರ್ಕಾರದ ಹೊಣೆಯೂ ಇಲ್ಲದಿಲ್ಲ. ಹರಿಯಾಣದ ಬಡ ಕೂಲಿ ಹೆಂಗಸೊಬ್ಬಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ನಾಳಗಳಲ್ಲಿ ಒಂದಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯಾಗಿ, ಆಕೆಗೆ ಮತ್ತೆ ಮಗುವಾದಾಗ, ಆ ಮಗುವಿನ ಪೋಷಣೆಗೆಂದು ಸರ್ಕಾರವು ಪರಿಹಾರ ಕೊಡಬೇಕೆಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2000ರಲ್ಲಿ ಎತ್ತಿಹಿಡಿಯಿತು. 2005ರ ಇನ್ನೊಂದು ತೀರ್ಪಿನಲ್ಲಿ, ಶಸ್ತ್ರಚಿಕಿತ್ಸೆ ವಿಫಲವಾದ ಮಾತ್ರಕ್ಕೆ ವೈದ್ಯರ ಅಲಕ್ಷ್ಯವೆನ್ನಲಾಗದು, ಅಲಕ್ಷ್ಯವನ್ನು ಬೇರೆಯಾಗಿ ಸಿದ್ಧಪಡಿಸಬೇಕು ಎಂದಿತು. ಎರಡು ತೀರ್ಪುಗಳೂ ನ್ಯಾಯವಾದುವೇ. ಸ್ವಭಾವದಿಂದಾದ ಸೋಲು ಬೇರೆ, ಕೈತಪ್ಪು ಬೇರೆ. ಅದೇ ವರ್ಷದಿಂದ ಇಂತಹ ವೈಫಲ್ಯಗಳಿಗೆ ಪರಿಹಾರ ಕೊಡುವ ಸರ್ಕಾರಿ ವಿಮಾ ಯೋಜನೆಯೊಂದು ಏರ್ಪಟ್ಟಿತು; 2013ರಿಂದ ಅದು ಕುಟುಂಬ ಯೋಜನಾ ನಷ್ಟಪರಿಹಾರ ಯೋಜನೆಯೆಂಬ ಹೆಸರಿನಲ್ಲಿ ನಡೆಯುತ್ತಿದೆ. ನ್ಯಾಯಾಲಯವು ವೈದ್ಯನಿಗೆ ಕೊಟ್ಟ ಈ ವಿವೇಚನೆಯನ್ನು ಗಂಡನು ಹೆಂಡತಿಗೆ ಕೊಡಬಾರದೇಕೆ?

ಇಷ್ಟೆಲ್ಲವೂ ಇರಲಾಗಿ ಇಂದಿನ ಸ್ಥಿತಿಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡನೇ ಅದನ್ನು ಮಾಡಿಸಿಕೊಂಡ ಸಂಸಾರಗಳನ್ನು ಹುಡುಕಿದರೆ ನೂರಕ್ಕೆ ಒಂದೂ ಸಿಕ್ಕುವುದಿಲ್ಲ. ಇಡೀ ಭಾರತದಲ್ಲಿಯೂ ನೂರಕ್ಕೆ 0.3 ಮಾತ್ರ. ಹೊಟ್ಟೆಯನ್ನು ತೆರೆಯಬೇಕಾದ ಕಷ್ಟದ ಚಿಕಿತ್ಸೆ ಅಷ್ಟು ಮಂದಿ ಹೆಂಗಸರಿಗೆ. ಚರ್ಮದಲ್ಲಿ ಸಣ್ಣದೊಂದು ರಂಧ್ರದಿಂದ ಮುಗಿಯುವ, ಅದೇ ದಿನ ಮನೆಗೆ ನಡೆದುಹೋಗಬಹುದಾದ, ಸೋಲುವ ಸಂಭವವೂ ಕಡಮೆಯಾದ ಚಿಕಿತ್ಸೆ ಗಂಡಸರಾರಿಗೂ ಬೇಡ! ರಾಮನಗರದ ಮಣಿಸರವು ಮಾಯವಾಗಿರಬಹುದು. ಅದನ್ನು ಕಟ್ಟುವ ಕೊರಳು ಮಾತ್ರ ಬದಲಾಗಿಲ್ಲ.

ಇದಕ್ಕೆ ಗಂಡಸರು ಕೊಡುವ ಕಾರಣಗಳನ್ನು ನಾವು ಬಲ್ಲೆವು. ದುಡಿಯುವ ಶಕ್ತಿ ಕುಗ್ಗುವುದೆಂಬುದು ಒಂದು. ಪುರುಷತ್ವ ಹೋಗುವುದೆಂಬುದು ಇನ್ನೊಂದು. ಎರಡಕ್ಕೂ ಆಧಾರವಿಲ್ಲ. ಕತ್ತರಿಸುವುದು ಬೀಜವನ್ನು ಸಾಗಿಸುವ ನಾಳವನ್ನೇ ಹೊರತು ದೇಹಕ್ಕೆ ಬಲ ಕೊಡುವ ರಸಗಳಿಗೂ ಅದಕ್ಕೂ ಸಂಬಂಧವಿಲ್ಲ. ಹೆಂಗಸು ದುಡಿಯುವುದಿಲ್ಲವೆಂದು ಈ ತಾಲ್ಲೂಕುಗಳಲ್ಲಿ ಹೇಳುವ ಧೈರ್ಯ ಯಾರಿಗಿದೆ? ಸೊಪ್ಪು ಕೊಯ್ದು ಹುಳುವಿಗೆ ಹಾಕುವವಳೂ, ಬಿಸಿನೀರಿನ ಮುಂದೆ ಕುಳಿತು ನೂಲು ತೆಗೆಯುವವಳೂ ಅವಳೇ.

ಮೂರನೆಯ ಕಾರಣವು ಮಾತ್ರ ನಿಜವಾದುದು. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಬಹುಪಾಲು ಗಂಡಸರವು. ಹಲವು ಕಡೆ ಬಲಾತ್ಕಾರದಿಂದ ನಡೆದ ಆ ಅನ್ಯಾಯದ ಗಾಯ ಇನ್ನೂ ಮಾಸಿಲ್ಲ. ಬಲಾತ್ಕಾರವನ್ನು ನಾವು ಎಂದಿಗೂ ಒಪ್ಪಲಾರೆವು. ಆದರೆ ಗಂಡಸರ ಮೇಲಿನ ಬಲಾತ್ಕಾರ ನಿಂತ ತರುವಾಯ ಆ ಭಾರವನ್ನೆಲ್ಲ ಸದ್ದಿಲ್ಲದೆ ಹೆಂಗಸರ ಮೇಲೆ ಹೊರಿಸಿದುದನ್ನು ನ್ಯಾಯವೆಂದು ಹೇಳಲೂ ಆರೆವು.

ಆದಕಾರಣ ಅಧಿಕಾರವರ್ಗದವರಲ್ಲಿ ನಮ್ಮ ವಿಜ್ಞಾಪನೆ ಇದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಲಹೆಯನ್ನು ದಂಪತಿಗಳಿಬ್ಬರನ್ನೂ ಕೂರಿಸಿ ಹೇಳತಕ್ಕದ್ದು. ಆಶಾ ಕಾರ್ಯಕರ್ತೆಯರು ಮನೆಯ ಹೆಂಗಸರೊಡನೆ ಮಾತ್ರ ಪಿಸುಮಾತಿನಲ್ಲಿ ಆಡಿ ಬರುವಂತಾದರೆ ಅರ್ಧ ಕೆಲಸವೇ ಆಯಿತು. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಮಾಡಿಸುವ ಒಪ್ಪಿಗೆಯ ಪತ್ರದಲ್ಲಿ ವೈಫಲ್ಯದ ಸಂಭವವನ್ನು ಕುರಿತ ಮಾತು ಇದ್ದೇ ಇದೆ. ಅದನ್ನು ಓದಿ, ತಿಳಿಗನ್ನಡದಲ್ಲಿ ಅರ್ಥ ಹೇಳಿ, ಮುಟ್ಟು ತಪ್ಪಿದರೆ ಒಡನೆಯೇ ಬರಬೇಕೆಂದು ತಿಳಿಸತಕ್ಕದ್ದು. ನಷ್ಟಪರಿಹಾರದ ಅರ್ಜಿಯನ್ನು ಬಡವರು ತಾವೇ ಬರೆದುಕೊಳ್ಳಲಾರರು. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಅದಕ್ಕೆ ಒಬ್ಬರು ನೆರವಾಗಬೇಕು. ಪ್ರತಿವರ್ಷ ನವೆಂಬರಿನಲ್ಲಿ ಗಂಡಸರ ಶಸ್ತ್ರಚಿಕಿತ್ಸೆಯ ಪ್ರಚಾರಕ್ಕೆಂದು ಒಂದು ಪಕ್ಷವನ್ನು ಆಚರಿಸುವುದುಂಟು. ಅದನ್ನು ಆಸ್ಪತ್ರೆಯ ಗೋಡೆಯ ಭಿತ್ತಿಪತ್ರದಲ್ಲಿ ಮುಗಿಸದೆ, ಗಂಡಸರು ಸೇರುವ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೂ, ಚನ್ನಪಟ್ಟಣದ ಬೊಂಬೆಯ ಕಾರಖಾನೆಗಳಿಗೂ, ಕನಕಪುರ ಮಾಗಡಿಗಳ ಸಂತೆಗಳಿಗೂ ಕೊಂಡೊಯ್ಯಬೇಕು.

ಪೌರಮಹಾಶಯರಿಗೆ ಹೇಳುವ ಮಾತು ಇನ್ನೂ ಚಿಕ್ಕದು. ಸಾಧನವನ್ನು ಆರಿಸುವಾಗ ಇಬ್ಬರೂ ಕುಳಿತು ಆರಿಸಿರಿ. ಅದು ಎಷ್ಟರಮಟ್ಟಿಗೆ ನಂಬತಕ್ಕದ್ದೆಂದು ಇಬ್ಬರೂ ಕೇಳಿ ತಿಳಿಯಿರಿ. ರಬ್ಬರು ಹರಿದರೆ, ಮಾತ್ರೆ ಮರೆತರೆ ಗುಟ್ಟು ಮಾಡದಿರಿ. 72 ಗಂಟೆಗಳೊಳಗೆ ಸೇವಿಸತಕ್ಕ ತುರ್ತುಮಾತ್ರೆಯುಂಟು, ಎಷ್ಟು ಬೇಗ ಸೇವಿಸಿದರೆ ಅಷ್ಟು ಒಳ್ಳೆಯದು. ಅದನ್ನು ತರಲು ಅಂಗಡಿಗೆ ಹೋಗಬೇಕಾದ ಕಾಲು ಗಂಡನದು. ಆದರೂ ಗರ್ಭ ನಿಂತರೆ ಔಷಧದಂಗಡಿಯವನ ಸಲಹೆಯನ್ನು ನಂಬದೆ ಇಬ್ಬರೂ ಕೂಡಿ ವೈದ್ಯರಲ್ಲಿಗೆ ಹೋಗಿರಿ. ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಕೊನೆಯ ಮಾತು ಅವಳದು, ಏಕೆಂದರೆ ದೇಹ ಅವಳದು. ಆ ಮಾತಿನಿಂದ ಬರುವ ಖರ್ಚು, ಆರೈಕೆ, ಲೋಕಾಪವಾದಗಳ ಭಾರ ಇಬ್ಬರದು. ‘ತಪ್ಪು ಯಾರದು’ ಎಂದು ಕೇಳುವ ಬಾಯಿ ‘ಈಗ ನಾನು ಮಾಡಬೇಕಾದುದೇನು’ ಎಂದು ಕೇಳುವುದನ್ನು ಕಲಿತರೆ, ರಾಮನಗರದ ತಾಯಂದಿರು ಎಪ್ಪತ್ತು ವರ್ಷಗಳ ಹಿಂದೆ ಕತ್ತಲೆಯಲ್ಲಿ ತಡವಿ ಎಣಿಸಿದ ಆ ಮಣಿಗಳ ಋಣವು ಸ್ವಲ್ಪಮಟ್ಟಿಗಾದರೂ ತೀರೀತು.